ಬಿಸಿಲು ಬಂದರೆ ತುಂಬುವ ಹಳ್ಳ: ಬೈಕಿನಲ್ಲಿ ಬಾತಲ್ ತಲುಪುವುದು ಹೇಗೆ?

ನಮ್ಮ ಕಡೆ ಮಳೆ ಬಂದರೆ ಹಳ್ಳ ತುಂಬುತ್ತದೆ. ಹಿಮಾಚಲದ ಲಾಹೌಲ್‌ನಲ್ಲಿ ಆಕಾಶ ತಿಳಿಯಾಗಿ ಬಿಸಿಲು ಚುರುಗುಟ್ಟಿದರೂ ಹಳ್ಳ ತುಂಬುತ್ತದೆ. ಈ ಒಂದು ಮಾತು ತಲೆಗೆ ಹೋಗದೆ, ಮೊದಲ ಸಲ ಹೋದಾಗ ನಾನು ಮಧ್ಯಾಹ್ನ ಮೂರೂವರೆಗೆ ಒಂದು ನಾಲಾದ (ಅಲ್ಲಿ ಹಳ್ಳಕ್ಕೆ ಹಾಗನ್ನುತ್ತಾರೆ) ಮುಂದೆ ನಿಂತಿದ್ದೆ. ಬೆಳಿಗ್ಗೆ ಅದೇ ನೀರು ದಾಟಿ ಬಂದವರು 'ಪಾದ ನೆನೆಯುವಷ್ಟಿದೆ, ಏನೂ ಇಲ್ಲ ಹೋಗಿ' ಅಂದಿದ್ದರು. ನನ್ನ ಎದುರು ಇದ್ದದ್ದು ಮೊಣಕಾಲು ಮಟ್ಟದ ನೀರು. ಒಳಗೆ ಕಲ್ಲು ಉರುಳುವ ಗುಡುಗುಡು ಸದ್ದು ಬೇರೆ. ಅರ್ಧಕ್ಕೆ ಬೈಕ್ ಆಫ್ ಆಯಿತು. ಹಿಂದಿದ್ದ ಲಾರಿಯಿಂದ ಇಬ್ಬರು ಇಳಿದು ಬಂದು ತಳ್ಳಿದ್ದಕ್ಕೆ ದಡ ಸೇರಿದೆ.

ಆಮೇಲೆ ಎರಡು ಸಲ ಅದೇ ದಾರಿಯಲ್ಲಿ ಹೋಗಿದ್ದೇನೆ. ಎರಡು ಸಲವೂ ಬೈಕ್ ಆಫ್ ಆಗಲಿಲ್ಲ. ನನ್ನ ಕೈಚಳಕ ಏನೂ ಜಾಸ್ತಿ ಆಗಿರಲಿಲ್ಲ. ಬೇಗ ಎದ್ದಿದ್ದೆ, ಅಷ್ಟೇ.

ದಾರಿ ಯಾವುದು?

ಬಾತಲ್ ಅಂದರೆ ಊರಲ್ಲ. ಚಂದ್ರಾ ನದಿಗೆ ಒಂದು ಸೇತುವೆ, ಪಕ್ಕದಲ್ಲಿ ಒಂದೆರಡು ಢಾಬಾ, ಸುತ್ತ ಹುಲ್ಲೂ ಸರಿಯಾಗಿ ಬೆಳೆಯದ ಬೆಟ್ಟ. ಸುಮಾರು 3,950 ಮೀಟರ್ ಎತ್ತರ. ಮಳೆಯನ್ನು ಪೀರ್ ಪಂಜಾಲ್ ಸಾಲು ಈಚೆಗೇ ತಡೆದುಬಿಡುತ್ತದೆ. ಪಶ್ಚಿಮ ಘಟ್ಟ ನಮ್ಮ ಚಿತ್ರದುರ್ಗದ ಕಡೆಗೆ ಮಾಡುವ ಹಾಗೆಯೇ. ಇಲ್ಲಿ ಸೇತುವೆ ದಾಟಿದರೆ ಕುಂಜುಮ್ ಕಣಿವೆ (ಬೆಟ್ಟಸಾಲು ದಾಟುವ ಎತ್ತರದ ದಾರಿ), ಅದರಾಚೆ ಸ್ಪಿತಿ. ಎಡಕ್ಕೆ ತಿರುಗಿದರೆ ಸುಮಾರು 14 ಕಿ.ಮೀ. ದೂರದಲ್ಲಿ ಚಂದ್ರತಾಲ್ ಸರೋವರ.

ಮನಾಲಿಯಿಂದ ಬಾತಲ್ ಹೆಚ್ಚುಕಡಿಮೆ 100 ಕಿ.ಮೀ. ಮೊದಲರ್ಧ ಬೆಣ್ಣೆಯಂಥ ರಸ್ತೆ. 2020ರ ಅಕ್ಟೋಬರ್‌ನಲ್ಲಿ ತೆರೆದ ಅಟಲ್ ಸುರಂಗ 9 ಕಿ.ಮೀ. ಉದ್ದ ಇದೆ, ಬೈಕಿಗೂ ಪ್ರವೇಶ ಇದೆ. ರೋಹ್ತಾಂಗ್ ಕಣಿವೆ ಹತ್ತುವವರಿಗೆ ಬೇಕಾಗುವ ಪರ್ಮಿಟ್ ಇಲ್ಲಿ ಬೇಡ. ಸುರಂಗದಿಂದ ಹೊರಬಂದು ಚಂದ್ರಾ ನದಿ ದಾಟಿದ ಮೇಲೆ ಎಲ್ಲರೂ ಎಡಕ್ಕೆ ಸಿಸ್ಸು, ಲೇಹ್ ಕಡೆ ಹೋಗುತ್ತಾರೆ. ನೀವು ಬಲಕ್ಕೆ. ಕೋಕ್ಸರ್, ಆಮೇಲೆ ಗ್ರಾಂಫು. ಗ್ರಾಂಫುವಿನಲ್ಲಿ ಒಂದು ಕವಲು ರೋಹ್ತಾಂಗ್‌ಗೆ ಹತ್ತುತ್ತದೆ, ಇನ್ನೊಂದು ನದಿಯ ಜೊತೆಗೇ ಒಳಗೆ ಹೋಗುತ್ತದೆ. ಆ ಎರಡನೆಯದೇ ನಮ್ಮದು.

ಅಲ್ಲಿಂದ ಬಾತಲ್‌ಗೆ 50 ಕಿ.ಮೀ. ಒಳಗೇ. ಮೈಸೂರು ರಸ್ತೆಯಲ್ಲಿ ಅಷ್ಟಕ್ಕೆ ಒಂದು ಗಂಟೆ ಸಾಕು ಅಲ್ವಾ? ಇಲ್ಲಿ ನಾಲ್ಕೈದು ಗಂಟೆ ಇಟ್ಟುಕೊಳ್ಳಿ. ಕೆಲವು ಕಡೆ ರಸ್ತೆ ಅಗಲ ಮಾಡುವ ಕೆಲಸ ನಡೆದಿದೆ, ಆದರೂ ಬಹುಪಾಲು ಉರುಟು ಕಲ್ಲು, ಜಲ್ಲಿ, ಧೂಳು. ಛತ್ರು, ಛೋಟಾ ದರಾ ಎಂಬ ಎರಡು ತಂಗುದಾಣ ಬಿಟ್ಟರೆ ನಡುವೆ ಜನವಸತಿ ಇಲ್ಲ.

ಒಂದು ತಮಾಷೆ ಗಮನಿಸಿ. ಸಿಸ್ಸುವಿನಿಂದ ಹೊರಟರೆ ಚಂದ್ರಾ ನದಿಯನ್ನು ಮೂರು ಸಲ ದಾಟಬೇಕು: ಕೋಕ್ಸರ್, ಛತ್ರು, ಬಾತಲ್. ಮೂರು ಕಡೆಯೂ ಸೇತುವೆ ಇದೆ. ಅಷ್ಟು ದೊಡ್ಡ ನದಿ ದಾಟುವುದು ಗೊತ್ತೇ ಆಗುವುದಿಲ್ಲ. ಕಷ್ಟ ಕೊಡುವುದು ಆ ನದಿಗೆ ಬಂದು ಸೇರುವ, ಹೆಸರೂ ಇಲ್ಲದ ಹಳ್ಳಗಳು. ಅವು ನೇರವಾಗಿ ರಸ್ತೆ ಮೇಲೇ ಹರಿಯುತ್ತವೆ. ಹೆಸರಿದ್ದವುಗಳ ಹೆಸರೂ ಧೈರ್ಯ ಕೊಡುವಂಥದ್ದಲ್ಲ. ಲಾಹೌಲ್‌ನಲ್ಲಿ 'ಪಾಗಲ್ ನಾಲಾ' (ಹುಚ್ಚು ಹಳ್ಳ) ಅನ್ನಿಸಿಕೊಂಡ ಹಳ್ಳ ಒಂದಕ್ಕಿಂತ ಹೆಚ್ಚಿವೆ.

ಹಿಂದಿನ ರಾತ್ರಿ ಎಲ್ಲಿ ಮಲಗಬೇಕು?

ಮನಾಲಿಯಲ್ಲಿ ಅಲ್ಲ. ಸಿಸ್ಸು ಅಥವಾ ಕೋಕ್ಸರ್‌ನಲ್ಲಿ. ಇದಕ್ಕೆ ಎರಡು ಕಾರಣ. ಮನಾಲಿ ಇರುವುದು 2,000 ಮೀಟರ್ ಆಸುಪಾಸು. ಅಲ್ಲಿಂದ ಒಂದೇ ದಿನ 4,200 ಮೀಟರ್ ಮೇಲಿನ ಚಂದ್ರತಾಲ್‌ಗೆ ಹೋಗಿ ಮಲಗಿದರೆ ತಲೆನೋವು, ವಾಂತಿ ಗ್ಯಾರಂಟಿ ಅಂತಲೇ ಇಟ್ಟುಕೊಳ್ಳಿ. ಸುಮಾರು 3,100 ಮೀಟರ್‌ನ ಸಿಸ್ಸುವಿನಲ್ಲಿ ಒಂದು ರಾತ್ರಿ, ಸಾಧ್ಯವಾದರೆ ಎರಡು ರಾತ್ರಿ ಕಳೆದರೆ ಮೈ ಒಗ್ಗುತ್ತದೆ. ಇನ್ನೊಂದು ಕಾರಣ ನಾಲಾದ ಗಡಿಯಾರ, ಅದನ್ನು ಮುಂದೆ ಹೇಳುತ್ತೇನೆ.

ಪೆಟ್ರೋಲ್ ಮನಾಲಿಯಲ್ಲೇ ಪೂರ್ತಿ ತುಂಬಿಸಿ. ಸ್ಪಿತಿಗೆ ಹೋಗುವವರಿಗೆ ಮುಂದಿನ ಬಂಕ್ ಕಾಜಾದಲ್ಲಿ, ಅಂದರೆ ಸುಮಾರು 200 ಕಿ.ಮೀ. ಆಚೆ. ಚಂದ್ರತಾಲ್ ಸೇರಿಸಿದರೆ ಇನ್ನೂ 30. ಇಡೀ ದಿನ ಒಂದನೇ, ಎರಡನೇ ಗೇರಿನಲ್ಲೇ ಓಡುವುದರಿಂದ ಮೈಲೇಜ್ ಊರಿನ ಲೆಕ್ಕಕ್ಕೆ ಸಿಗುವುದಿಲ್ಲ. ಟ್ಯಾಂಕ್ ಚಿಕ್ಕದಿದ್ದರೆ ಐದು ಲೀಟರ್ ಕ್ಯಾನ್ ಕಟ್ಟಿಕೊಳ್ಳಿ. ನಗದು ಇರಲಿ. ಕೋಕ್ಸರ್ ಬಿಟ್ಟ ಮೇಲೆ ಸಿಗ್ನಲ್ ನೆಚ್ಚಿಕೊಳ್ಳಬೇಡಿ, ಮನೆಯವರಿಗೆ ಮೊದಲೇ ಹೇಳಿಬಿಡಿ. ಫೋನ್ ಬರಲಿಲ್ಲ ಅಂತ ಅವರು ಗಾಬರಿಯಾಗುವುದು ತಪ್ಪುತ್ತದೆ.

ನಾಲಾದ ಗಡಿಯಾರ

ಈ ನೀರು ಬರುವುದು ಮೇಲಿನ ಹಿಮನದಿಗಳಿಂದ. ಛೋಟಾ ದರಾ ಬಳಿ ನದಿಯ ಆಚೆ ದಡದಲ್ಲಿ ಛೋಟಾ ಶಿಗ್ರಿ ಇದೆ. ಬಾತಲ್ ಹತ್ತಿರ ಬಡಾ ಶಿಗ್ರಿ, ಸುಮಾರು 28 ಕಿ.ಮೀ. ಉದ್ದದ್ದು, ಹಿಮಾಚಲದಲ್ಲೇ ದೊಡ್ಡದು. ಈಚೆ ದಡದ ಬೆಟ್ಟಗಳ ತಲೆಯ ಮೇಲೂ ಇಂಥವು ಚಿಕ್ಕಪುಟ್ಟವು ಬೇಕಾದಷ್ಟಿವೆ. ರಾತ್ರಿ ಚಳಿಗೆ ಕರಗುವುದು ನಿಲ್ಲುತ್ತದೆ. ಮುಂಜಾನೆ ಹಳ್ಳ ಸಣಕಲು. ಹತ್ತು ಗಂಟೆ ಹೊತ್ತಿಗೆ ಬಿಸಿಲು ಮಂಜಿಗೆ ತಾಗುತ್ತದೆ, ಆ ನೀರು ಕೆಳಗಿಳಿದು ರಸ್ತೆ ಮುಟ್ಟುವಷ್ಟರಲ್ಲಿ ಮಧ್ಯಾಹ್ನ. ಎರಡರಿಂದ ಸಂಜೆ ಆರರವರೆಗೆ ಹಳ್ಳದ ಅಬ್ಬರ.

ಹಾಗಾಗಿ ಸಿಸ್ಸುವಿನಿಂದ ಬೆಳಗಿನ ಐದಕ್ಕೆ ಹೊರಡಿ. ಏಳರ ಸುಮಾರಿಗೆ ಛತ್ರುವಿನಲ್ಲಿ ಟೀ, ಹತ್ತು ಹನ್ನೊಂದಕ್ಕೆ ಬಾತಲ್. ಮಧ್ಯಾಹ್ನ ಹನ್ನೆರಡಾದರೂ ಅರ್ಧ ದಾರಿಯಲ್ಲೇ ಇದ್ದರೆ ಹಟ ಬೇಡ, ಹತ್ತಿರದ ಢಾಬಾದಲ್ಲಿ ಉಳಿದು ಮರುದಿನ ಬೆಳಿಗ್ಗೆ ಹೋಗಿ.

ಈ ಗಡಿಯಾರ ಕೆಡುವುದೂ ಉಂಟು. ರಾತ್ರಿ ಮೋಡ ಕವಿದು ಬೆಚ್ಚಗಿದ್ದರೆ ಅಥವಾ ಮಳೆ ಬಿದ್ದರೆ ಬೆಳಗಿನ ನೀರೂ ಜೋರಾಗಿರುತ್ತದೆ. 2023ರ ಜುಲೈನಲ್ಲಿ ಮಳೆ, ಹಿಮ ಒಟ್ಟಿಗೇ ಬಿದ್ದು ಚಂದ್ರತಾಲ್ ಕ್ಯಾಂಪ್‌ಗಳಲ್ಲಿ 250ಕ್ಕೂ ಹೆಚ್ಚು ಜನ ದಿನಗಟ್ಟಲೆ ಸಿಕ್ಕಿಬಿದ್ದಿದ್ದರು. ರಸ್ತೆ ಸಾಮಾನ್ಯವಾಗಿ ಜೂನ್‌ನಿಂದ ಅಕ್ಟೋಬರ್‌ವರೆಗೆ ತೆರೆದಿರುತ್ತದೆ. ನನ್ನನ್ನು ಕೇಳಿದರೆ ಸೆಪ್ಟೆಂಬರ್ ಮೊದಲ ಎರಡು ವಾರ ಚೆನ್ನ: ರಾತ್ರಿ ಚಳಿ ಜಾಸ್ತಿ, ನೀರು ಕಮ್ಮಿ. ತಿಂಗಳ ಕೊನೆಗೆ ತಳ್ಳಬೇಡಿ. 2018ರಲ್ಲಿ ಸೆಪ್ಟೆಂಬರ್ ಮೂರನೇ ವಾರ ದಾಟುತ್ತಿದ್ದ ಹಾಗೆ ಹಿಮ ಸುರಿದು, ಸಿಕ್ಕಿಬಿದ್ದವರನ್ನು ಹೆಲಿಕಾಪ್ಟರ್‌ನಲ್ಲಿ ತರಬೇಕಾಯಿತು.

ನೀರಿನ ಮುಂದೆ ನಿಂತಾಗ

ಮೊದಲು ಬೈಕ್ ನಿಲ್ಲಿಸಿ, ಇಳಿಯಿರಿ. ಸ್ಪೀಡಿನಲ್ಲಿ ಬಂದು ನೀರು ಚಿಮ್ಮಿಸಿ ಹೋಗುವುದು ರೀಲ್ಸಿಗೆ ಚೆಂದ. ಐದು ನಿಮಿಷ ಸುಮ್ನೆ ನೋಡಿ. ಕಾರು, ಲಾರಿ ಬಂದರೆ ಅವು ಹೋಗುವ ಜಾಡು ನೋಡಿಕೊಳ್ಳಿ, ನೀರು ಚಕ್ರದ ಎಷ್ಟರ ಮಟ್ಟಕ್ಕೆ ಬಂತು ನೋಡಿ. ನನ್ನ ಪ್ರಕಾರ ಎಲ್ಲಕ್ಕಿಂತ ಒಳ್ಳೆ ಗುರು ಹಿಮಾಚಲ ಸರ್ಕಾರಿ ಬಸ್ಸಿನ ಡ್ರೈವರ್. ಸೀಸನ್‌ನಲ್ಲಿ ಕಾಜಾಕ್ಕೆ ಈ ದಾರಿಯಲ್ಲೇ ಬಸ್ ಓಡುತ್ತದೆ. ಆತ ಹೋದ ಜಾಡಿನಲ್ಲೇ ಹೋದರೆ ತಲೆನೋವಿಲ್ಲ.

ಯಾರೂ ಬರದಿದ್ದರೆ ನೀರನ್ನೇ ಓದಬೇಕು. ಕಿರು ಅಲೆ ಎದ್ದು ಸಳಸಳ ಅನ್ನುವ ಕಡೆ ಆಳ ಕಮ್ಮಿ. ನುಣ್ಣಗೆ, ಕಪ್ಪಾಗಿ, ಸದ್ದಿಲ್ಲದೆ ಹೋಗುವ ಕಡೆ ಗುಂಡಿ ಇರುತ್ತದೆ. ಹಳ್ಳ ಅಗಲವಾದಲ್ಲಿ ದಾಟಿ. ಕಿರಿದಾದಲ್ಲಿ ಅದೇ ನೀರು ಆಳವಾಗಿ, ರಭಸವಾಗಿ ಹೋಗುತ್ತಿರುತ್ತದೆ. ಆಮೇಲೆ ಒಂದು ಕೋಲು ಹಿಡಿದು ನಡೆದು ನೋಡಿ. ಬೂಟು ಬಿಚ್ಚಬೇಡಿ. ಆ ನೀರಿನಲ್ಲಿ ಒಂದೇ ನಿಮಿಷಕ್ಕೆ ಪಾದ ಮರಗಟ್ಟುತ್ತದೆ, ಕಲ್ಲು ತಾಗಿದ್ದೂ ತಿಳಿಯುವುದಿಲ್ಲ. ರಭಸದ ನೀರು ಮೊಣಕಾಲು ಮುಟ್ಟಿತು ಅಂದರೆ ಅವತ್ತಿಗೆ ಅಲ್ಲಿಗೇ ನಿಲ್ಲಿಸಿ. ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿಯುವ ಸಾಹಸ ಬೇಡವೇ ಬೇಡ. ಜಾರಿದರೆ ಅದೇ ಹಗ್ಗ ಮೇಲೇಳಲು ಬಿಡದೆ ಮುಳುಗಿಸುತ್ತದೆ.

ಈಗ ದಾಟುವುದು. ಹಿಂದೆ ಕೂತವರು ಇಳಿಯಲಿ. ಬ್ಯಾಗಿನ ಎದೆಪಟ್ಟಿ ಬಿಚ್ಚಿರಲಿ. ಒಂದನೇ ಗೇರ್, ಒಂದೇ ಸಮನೆ ಆಕ್ಸಿಲರೇಟರ್. ನಡುವೆ ಗೇರ್ ಬದಲಿಸಬೇಡಿ, ಕ್ಲಚ್ ಪೂರ್ತಿ ಹಿಡಿಯಬೇಡಿ. ಆಕ್ಸಿಲರೇಟರ್ ಬಿಟ್ಟರೆ ಸೈಲೆನ್ಸರ್ ಒಳಗೆ ನೀರು ಹೋಗಿ ಎಂಜಿನ್ ಉಸಿರುಗಟ್ಟುತ್ತದೆ. ಕಣ್ಣು ಎದುರು ದಡದ ಮೇಲಿರಲಿ. ಮುಂದಿನ ಚಕ್ರ ನೋಡುತ್ತ ಹೋದರೆ ಹರಿವ ನೀರಿಗೆ ತಲೆ ತಿರುಗಿ ಗೊತ್ತಿಲ್ಲದೆ ಇಳಿಜಾರಿನ ಕಡೆಗೇ ವಾಲುತ್ತೀರಿ. ಆ ಕಡೆ ರಸ್ತೆ ಮುಗಿದು ನೇರ ಚಂದ್ರಾ ನದಿ.

ತಳ್ಳಿಕೊಂಡು ದಾಟುವುದಾದರೆ ಬೈಕಿನ ಯಾವ ಮಗ್ಗುಲಿಗೆ ನಿಲ್ಲಬೇಕು ಗೊತ್ತಾ? ನೀರು ಬರುವ ಕಡೆ. ಬೈಕ್ ಬಿದ್ದರೂ ನಿಮ್ಮಿಂದ ಆಚೆ ಬೀಳುತ್ತದೆ. ನೀರು ಹೋಗುವ ಕಡೆ ನಿಂತರೆ ನೀರು, ಬೈಕು ಎರಡೂ ನಿಮ್ಮ ಮೇಲೆ. ಸೈಕಲ್ ತಂದವರಿಗೂ ಇದೇ ಮಾತು. ಅವರಿಗೆ ಹೊತ್ತು ದಾಟುವ ಅನುಕೂಲವೂ ಇದೆ, ಆದರೆ ಸಾಮಾನು ಮೊದಲು ಬೇರೆಯಾಗಿ ಸಾಗಿಸಲಿ.

ಬೈಕ್ ನೀರಿಗೆ ಬಿದ್ದರೆ

ಆಫ್ ಆದ ಬೈಕನ್ನು ನೀರಿನೊಳಗೇ ಸ್ಟಾರ್ಟ್ ಮಾಡಲು ಹೋಗಬೇಡಿ. ಏರ್ ಫಿಲ್ಟರ್ ಮೂಲಕ ಸಿಲಿಂಡರ್‌ಗೆ ನೀರು ಹೋಗಿದ್ದರೆ ಪಿಸ್ಟನ್ ಅದನ್ನು ಒತ್ತಲಾರದು, ಕನೆಕ್ಟಿಂಗ್ ರಾಡ್ ಬಾಗುತ್ತದೆ. ದಡಕ್ಕೆ ತಳ್ಳಿ. ಏರ್ ಫಿಲ್ಟರ್ ತೆಗೆದು ನೋಡಿ. ಒದ್ದೆ ಇದ್ದರೆ ಸ್ಪಾರ್ಕ್ ಪ್ಲಗ್ ಬಿಚ್ಚಿ, ಪ್ಲಗ್‌ನ ತೂತಿನ ಕಡೆ ಮುಖ ಇಡದೆ ನಾಲ್ಕೈದು ಸಲ ಎಂಜಿನ್ ತಿರುಗಿಸಿ. ನೀರು ಪಿಚಕಾರಿ ಹಾಗೆ ಹೊರಗೆ ಬರುತ್ತದೆ. ಪ್ಲಗ್ ಒರೆಸಿ ಹಾಕಿ ಆಮೇಲೆ ಸ್ಟಾರ್ಟ್ ಮಾಡಿ. ಎಂಜಿನ್ ಆಯಿಲ್ ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಓಡಿಸಬೇಡಿ, ಹೋಗುವ ಯಾವುದಾದರೂ ಪಿಕಪ್‌ಗೆ ಹಾಕಿಸಿ. ಪ್ಲಗ್ ಸ್ಪ್ಯಾನರ್ ಒಂದು ಕಿಸೆಯಲ್ಲೇ ಇರಲಿ, ಬ್ಯಾಗಿನ ತಳದಲ್ಲಿ ಬೇಡ.

ಇನ್ನು ಕಾಲು. ನನ್ನನ್ನು ತಳ್ಳಿದ ಲಾರಿಯವರೇ ಕಲಿಸಿದ ಉಪಾಯ ಇದು: ಒಣ ಕಾಲುಚೀಲ ಹಾಕಿ, ಅದರ ಮೇಲೆ ಗಟ್ಟಿ ಪ್ಲಾಸ್ಟಿಕ್ ಕವರ್ ಏರಿಸಿ, ಆಮೇಲೆ ಒದ್ದೆ ಬೂಟು ಹಾಕುವುದು. ನಡೆದರೆ ಚರಪರ ಸದ್ದು ಬರುತ್ತದೆ, ಆದರೆ ಬೆರಳು ಬೆಚ್ಚಗಿರುತ್ತವೆ. ಆ ಕವರನ್ನು ಅಲ್ಲೇ ಎಸೆಯಬೇಡಿ. ಚಂದ್ರತಾಲ್ 2005ರಿಂದ ರಾಮ್ಸರ್ ತಾಣ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಯಲ್ಲಿದೆ.

ಬಾತಲ್‌ನಲ್ಲಿ 'ಚಾಚಾ-ಚಾಚಿ ಢಾಬಾ' ಯಾವುದು ಅಂತ ಯಾರನ್ನು ಕೇಳಿದರೂ ತೋರಿಸುತ್ತಾರೆ. ಅನ್ನ, ರಾಜ್ಮಾ ಸಿಗುತ್ತದೆ. ಊಟ ಮಾಡುತ್ತ ಎದುರಿನಿಂದ ಬಂದವರ ಹತ್ತಿರ ಮುಂದಿನ ರಸ್ತೆ ಹೇಗಿದೆ ವಿಚಾರಿಸಿ. ಸ್ಪಿತಿ ನೋಡಿ ಬಂದ ದಾರಿಯಲ್ಲೇ ವಾಪಸ್ ಬರುವವರು ಕಾಜಾದಿಂದ ನೇರವಾಗಿ ಹೊರಡಬೇಡಿ, ತಡವಾಗುತ್ತದೆ. ಹಿಂದಿನ ರಾತ್ರಿ ಕುಂಜುಮ್‌ನ ಆಚೆ ಮಗ್ಗುಲ ಲೋಸರ್‌ನಲ್ಲಿ ತಂಗಿ, ಬೆಳಕು ಹರಿಯುತ್ತಲೇ ಕಣಿವೆ ಹತ್ತಿ. ಹಾಗೆ ಬಂದರೆ ಎಂಟು ಒಂಬತ್ತಕ್ಕೆ ಬಾತಲ್ ಸೇತುವೆ ಮೇಲಿರುತ್ತೀರಿ. ಹಳ್ಳಗಳಿಗೆ ಇನ್ನೂ ಬಿಸಿಲು ಏರಿರುವುದಿಲ್ಲ.