ಗುಂಗುರು ಕೂದಲು ತುಂಡಾಗದೆ ಉದ್ದ ಬರಲು ಏನು ಮಾಡಬೇಕು?

"ಎಷ್ಟು ವರ್ಷ ಆದ್ರೂ ಹೆಗಲು ದಾಟಿ ಇಳಿಯೋದೇ ಇಲ್ಲ." ಗುಂಗುರು ಕೂದಲಿನವರ ಬಾಯಲ್ಲಿ ಈ ಮಾತು ಕೇಳದವರಿಲ್ಲ. ಬೆಳೆಯುತ್ತಿಲ್ಲ ಎಂದುಕೊಂಡು ಹೊಸ ಹೊಸ ಎಣ್ಣೆ ಕೊಳ್ಳುತ್ತಾರೆ. ಆದರೆ ಹೆಚ್ಚಿನವರಿಗೆ ಬುಡದಿಂದ ಕೂದಲು ಬರುತ್ತಲೇ ಇರುತ್ತದೆ, ತಿಂಗಳಿಗೆ ಸುಮಾರು 1 ಸೆಂಟಿಮೀಟರ್. ಬುಡದಲ್ಲಿ ಬಂದಷ್ಟೂ ತುದಿಯಲ್ಲಿ ಮುರಿದು ಹೋಗುತ್ತದೆ. ಆದ್ದರಿಂದ ಉದ್ದ ಬೇಕು ಅನ್ನುವವರು ಮೊದಲು ತುದಿ ಉಳಿಸಿಕೊಳ್ಳಬೇಕು. 40 ಸೆಂ.ಮೀ. ಉದ್ದದ ಕೂದಲಿನ ತುದಿಗೆ ಮೂರು ವರ್ಷದ ಮೇಲಾಗಿರುತ್ತದೆ. ಮೂರು ದೀಪಾವಳಿಯ ಎಣ್ಣೆಸ್ನಾನ ಕಂಡ ಕೂದಲು ಅದು!

ನೆತ್ತಿಯ ಜಿಡ್ಡು ನೇರ ಕೂದಲಿನಲ್ಲಿ ಸಲೀಸಾಗಿ ಕೆಳಗಿಳಿಯುತ್ತದೆ. ಸುರುಳಿ ಕೂದಲಿನಲ್ಲಿ ಅರ್ಧದಲ್ಲೇ ನಿಲ್ಲುತ್ತದೆ, ತುದಿ ಒಣಗುತ್ತದೆ. ಜೊತೆಗೆ ಪ್ರತಿ ತಿರುವಿನಲ್ಲೂ ಕೂದಲು ದುರ್ಬಲ. ತಿರುವು ಜಾಸ್ತಿಯಾದಷ್ಟೂ ಮುರಿಯುವ ಜಾಗ ಜಾಸ್ತಿ. ಯಲ್ಲಾಪುರ, ಹಳಿಯಾಳ, ಮುಂಡಗೋಡ ಕಡೆಯ ಸಿದ್ದಿ ಜನರ ಪೂರ್ವಿಕರು ಆಫ್ರಿಕಾದಿಂದ ಬಂದವರು. ಅವರಲ್ಲಿ ಹಲವರಿಗೆ ಇರುವಂಥ ಬಿಗಿ ಸುರುಳಿಯ ಕೂದಲು ಒಣಗಿದಾಗ ಅರ್ಧಕ್ಕಿಂತಲೂ ಗಿಡ್ಡ ಕಾಣಬಹುದು. ಅಂಥ ಕೂದಲಿನ ಉದ್ದ ನೋಡಬೇಕಾದರೆ ಒಂದು ಎಳೆಯನ್ನು ಮೆಲ್ಲಗೆ ನೇರ ಮಾಡಿ ನೋಡಿ. ಕನ್ನಡಿಯಲ್ಲಿ ಕಂಡದ್ದೇ ಲೆಕ್ಕವಲ್ಲ.

ಮೊದಲು ಒಂದು ಪರೀಕ್ಷೆ. ಬಾಚಣಿಗೆಯಲ್ಲಿ ಸಿಕ್ಕ ಕೂದಲನ್ನು ಗಾಢ ಬಣ್ಣದ ಬಟ್ಟೆಯ ಮೇಲೆ ಹರಡಿ. ಒಂದು ತುದಿಯಲ್ಲಿ ಬಿಳಿ ಚುಕ್ಕಿಯಂಥ ಗಂಟು ಕಂಡರೆ ಅದು ಬುಡದಿಂದ ಉದುರಿದ್ದು. ದಿನಕ್ಕೆ 50ರಿಂದ 100 ಕೂದಲು ಹೀಗೆ ಉದುರುವುದು ಸಹಜ. ಚುಕ್ಕಿ ಇಲ್ಲದ, ಗಿಡ್ಡ ಗಿಡ್ಡ ತುಂಡುಗಳೇ ಜಾಸ್ತಿ ಇದ್ದರೆ ಕೂದಲು ಮುರಿಯುತ್ತಿದೆ. ಮುಂದಿನದ್ದೆಲ್ಲ ಆ ಮುರಿತ ನಿಲ್ಲಿಸಲು.

ಸ್ನಾನಕ್ಕೆ ಮುಂಚೆ ಎಣ್ಣೆ

ತಲೆಸ್ನಾನಕ್ಕೆ ಒಂದೆರಡು ಗಂಟೆ ಮೊದಲು, ಇಲ್ಲವೇ ಹಿಂದಿನ ರಾತ್ರಿ ಕೊಬ್ಬರಿ ಎಣ್ಣೆ ಹಚ್ಚಿ. ನೆತ್ತಿಗಿಂತ ತುದಿಗೆ ಚೆನ್ನಾಗಿ ಹಚ್ಚಿ. ಕೊಬ್ಬರಿ ಎಣ್ಣೆ ಕೂದಲಿನ ಒಳಗೆ ಇಳಿಯುತ್ತದೆ. ತೊಳೆಯುವಾಗ ಪ್ರೋಟೀನ್ ಹೋಗುವುದನ್ನು ಕಡಿಮೆ ಮಾಡುತ್ತದೆ. 2003ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಸೂರ್ಯಕಾಂತಿ ಎಣ್ಣೆಗಾಗಲಿ ಮಿನರಲ್ ಎಣ್ಣೆಗಾಗಲಿ ಈ ಗುಣ ಕಾಣಲಿಲ್ಲ. ಹರಳೆಣ್ಣೆ ತುಂಬಾ ಅಂಟು. ಒಂದನ್ನೇ ಹಚ್ಚಿದರೆ ಸಿಕ್ಕು ಬಿಡಿಸುವಾಗಲೇ ಕೂದಲು ಕಿತ್ತು ಬರುತ್ತದೆ. ಬೇಕೆಂದರೆ ಕೊಬ್ಬರಿ ಎಣ್ಣೆಗೆ ನಾಲ್ಕು ಹನಿ ಬೆರೆಸಿ.

ತೊಳೆಯುವುದು

ವಾರಕ್ಕೆ ಒಂದು ಸಲ, ಬೆವರು ಜಾಸ್ತಿ ಇದ್ದರೆ ಎರಡು ಸಲ ಸಾಕು. ಶಾಂಪೂವನ್ನು ಮಗ್ಗಿನ ನೀರಿಗೆ ಕಲಸಿ ನೆತ್ತಿಗೆ ಮಾತ್ರ ಹಾಕಿ. ಇಳಿದು ಬರುವ ನೊರೆಯಲ್ಲೇ ತುದಿ ತೊಳೆದುಹೋಗುತ್ತದೆ. ಇಡೀ ಕೂದಲನ್ನು ನೆತ್ತಿಯ ಮೇಲೆ ಗುಡ್ಡೆ ಹಾಕಿ ಉಜ್ಜಬೇಡಿ. ಸೀಗೆಕಾಯಿ ಬಳಸುವವರು ಪುಡಿಯನ್ನು ಹಾಗೇ ಹಚ್ಚದೆ, ಕುದಿಸಿ ಸೋಸಿದ ನೀರನ್ನು ಬಳಸಿ. ಸೀಗೆಪುಡಿ, ಕಡಲೆಹಿಟ್ಟು, ರುಬ್ಬಿದ ಮೆಂತ್ಯ ಎಲ್ಲವೂ ಸುರುಳಿಯೊಳಗೆ ಸಿಕ್ಕಿಕೊಳ್ಳುತ್ತವೆ. ಅದನ್ನು ಬಿಡಿಸುವಷ್ಟರಲ್ಲಿ ಕೂದಲು ಸೋತಿರುತ್ತದೆ. ಬೋರ್‌ವೆಲ್ ನೀರು ಗಡುಸಾಗಿದ್ದರೆ ಕೂದಲು ಒರಟಾಗುತ್ತದೆ. ಕೊನೆಯ ಒಂದು ಚೊಂಬಾದರೂ ಫಿಲ್ಟರ್ ನೀರೋ ಮಳೆನೀರೋ ಆಗಿರಲಿ.

ಸಿಕ್ಕು ಬಿಡಿಸುವುದು

ಕೂದಲು ಅತಿ ಹೆಚ್ಚು ಹಾಳಾಗುವುದು ಇಲ್ಲೇ. ಒದ್ದೆ ಕೂದಲು ಬಾಚಬೇಡ ಅಂತ ಮನೆಯ ಹಿರಿಯರು ಹೇಳುತ್ತಾರಲ್ವಾ? ನೇರ ಕೂದಲಿಗೆ ಆ ಮಾತು ಸರಿ. ನೆಂದ ಕೂದಲು ಬೇಗ ಹಿಗ್ಗುತ್ತದೆ, ಎಳೆದರೆ ತುಂಡಾಗುತ್ತದೆ. ಆದರೆ ಗುಂಗುರು ಕೂದಲನ್ನು ಒಣಗಿದ ಮೇಲೆ ಬಾಚಿದರೆ ಇನ್ನೂ ಜಾಸ್ತಿ ಮುರಿಯುತ್ತದೆ. ಅದಕ್ಕೆ ನೀರೂ ಬೇಕು, ಜಾರಿಕೆಯೂ ಬೇಕು.

ಕೈತುಂಬ ಕಂಡಿಷನರ್ ತೆಗೆದುಕೊಂಡು ಕಿವಿಯ ಮಟ್ಟದಿಂದ ತುದಿಯವರೆಗೆ ಹಚ್ಚಿ. ಕಂಡಿಷನರ್ ಬೇಡ ಅನ್ನುವವರಿಗೆ ದಾಸವಾಳದ ಎಲೆ ಕಿವುಚಿ ಸೋಸಿದ ಲೋಳೆ ಅಥವಾ ಮಲೆನಾಡಿನ ಮತ್ತಿ ಸೊಪ್ಪಿನ ಗಂಪು (ಅದೂ ಲೋಳೆಯೇ) ಒಳ್ಳೆಯದು. ಕೂದಲನ್ನು ನಾಲ್ಕು ಭಾಗ ಮಾಡಿ. ಒಂದು ಭಾಗವನ್ನು ಮಧ್ಯದಲ್ಲಿ ಎಡಗೈಯಿಂದ ಗಟ್ಟಿಯಾಗಿ ಹಿಡಿಯಿರಿ, ಆಗ ಎಳೆತ ಬುಡಕ್ಕೆ ತಾಗುವುದಿಲ್ಲ. ಬಲಗೈ ಬೆರಳಿನಿಂದ ಕೊನೆಯ ಎರಡಿಂಚು ಮೊದಲು ಬಿಡಿಸಿ. ನಂತರ ಅದರ ಮೇಲಿನ ಎರಡಿಂಚು. ಬೆರಳಿಗೆ ಗಂಟು ಸಿಕ್ಕರೆ ಕೆಳಗೆ ಜಗ್ಗಬೇಡಿ. ಇನ್ನಷ್ಟು ಲೋಳೆ ಹಚ್ಚಿ, ಗಂಟನ್ನು ಅಕ್ಕಪಕ್ಕಕ್ಕೆ ಅಗಲಿಸಿದರೆ ಎಳೆಗಳು ಒಂದೊಂದಾಗಿ ಬಿಟ್ಟುಕೊಳ್ಳುತ್ತವೆ. ಬೆರಳು ಸಲೀಸಾಗಿ ಓಡಿದ ಮೇಲಷ್ಟೇ ಅಗಲ ಹಲ್ಲಿನ ಬಾಚಣಿಗೆ. ಪುಟ್ಟ ಮಕ್ಕಳ ತಲೆ ಬಾಚುವ ಅಮ್ಮಂದಿರು ಇಷ್ಟೊಂದನ್ನು ದಯವಿಟ್ಟು ಪಾಲಿಸಿ. ಬಾಚಣಿಗೆ ಕಂಡರೆ ಮಗು ಅಳುವುದು ಹಟಕ್ಕಲ್ಲ, ನೋವಿಗೆ.

ಒಣಗಿಸುವುದು, ತೇವ ಹಿಡಿದಿಡುವುದು

ಟರ್ಕಿ ಟವೆಲ್‌ನಲ್ಲಿ ತಿಕ್ಕಬೇಡಿ. ಹಳೆಯ ಕಾಟನ್ ಟೀಶರ್ಟ್ ಅಥವಾ ಪಂಚೆಯಿಂದ ಒತ್ತಿ ನೀರು ತೆಗೆಯಿರಿ. ಇನ್ನೂ ಒದ್ದೆ ಇರುವಾಗಲೇ ಅಗಸೆ ಲೋಳೆ ಹಚ್ಚಿ. ಉತ್ತರ ಕರ್ನಾಟಕದ ಮನೆಗಳಲ್ಲಿ ಚಟ್ನಿಪುಡಿಗೆಂದು ಇರುವ ಅಗಸಿಯೇ ಸಾಕು. ಕಾಲು ಕಪ್ ಬೀಜವನ್ನು ಎರಡು ಕಪ್ ನೀರಿನಲ್ಲಿ ಕದಡುತ್ತಾ ಕುದಿಸಿ. ಸೌಟು ಎತ್ತಿದಾಗ ಲೋಳೆ ದಾರದಂತೆ ಇಳಿದರೆ ಒಲೆ ಆರಿಸಿ. ಬಿಸಿ ಇರುವಾಗಲೇ ತೆಳು ಬಟ್ಟೆಯಲ್ಲಿ ಸೋಸಿ, ತಣ್ಣಗಾದರೆ ಬಟ್ಟೆಯಿಂದ ಇಳಿಯುವುದೇ ಇಲ್ಲ. ಫ್ರಿಜ್‌ನಲ್ಲಿ ಒಂದು ವಾರ ಇರುತ್ತದೆ. ಲೋಳೆಯ ಮೇಲೆ ಅಂಗೈಗೆ ಸವರಿದಷ್ಟೇ ಎಣ್ಣೆಯನ್ನು ತುದಿಗೆ ಮುಟ್ಟಿಸಿ.

ಜಡೆ, ನಿದ್ದೆ

ಸಡಿಲ ಜಡೆ ತುದಿಯನ್ನು ಕಾಪಾಡುತ್ತದೆ. ಬಿಗಿ ಜಡೆ ಬುಡವನ್ನೇ ಕೀಳುತ್ತದೆ. ಶಾಲೆಗೆ ಎರಡು ಜಡೆ ಮಡಚಿ ಟೇಪ್ ಕಟ್ಟುವಾಗ ಹುಬ್ಬು ಮೇಲೆ ಎಳೆದಂತಾದರೆ, ನೆತ್ತಿಯಲ್ಲಿ ಸಣ್ಣ ಗುಳ್ಳೆ ಕಂಡರೆ ಕೂಡಲೇ ಸಡಿಲಿಸಿ. ಹಣೆಯಂಚಿನ ಕೂದಲು ವರ್ಷಗಟ್ಟಲೆ ಹೀಗೆ ಎಳೆತ ತಿಂದರೆ ಆ ಜಾಗ ಮತ್ತೆ ಚಿಗುರದೆ ಹೋಗಬಹುದು. ರಬ್ಬರ್ ಬ್ಯಾಂಡ್ ಬೇಡ, ಬಟ್ಟೆ ಸುತ್ತಿದ ಬ್ಯಾಂಡ್ ಇರಲಿ. ಮಲಗುವಾಗ ಹರಿದ ರೇಷ್ಮೆ ಸೀರೆಯ ಮೆತ್ತನೆಯ ತುಂಡೊಂದನ್ನು, ಜರಿ ಇಲ್ಲದ ಭಾಗ, ದಿಂಬಿಗೆ ಹೊದಿಸಿ.

ಸ್ಟ್ರೇಟ್ನಿಂಗ್, ಸ್ಮೂದನಿಂಗ್ ಮಾಡಿಸುತ್ತಲೇ ಉದ್ದವೂ ಬರಲಿ ಅಂದರೆ ಕಷ್ಟ. ಕೆಲವು ಕೆರಾಟಿನ್ ಚಿಕಿತ್ಸೆಗಳು ಬಿಸಿ ತಾಗಿದಾಗ ಫಾರ್ಮಾಲ್ಡಿಹೈಡ್ ಎಂಬ ವಿಷಕಾರಿ ಅನಿಲ ಬಿಡುತ್ತವೆ, ಮಾಡುವವರಿಗೂ ಮಾಡಿಸಿಕೊಳ್ಳುವವರಿಗೂ ಅದು ಒಳ್ಳೆಯದಲ್ಲ. ತುದಿ ಸೀಳಿದ್ದರೆ ಮೂರು ನಾಲ್ಕು ತಿಂಗಳಿಗೊಮ್ಮೆ ಅರ್ಧ ಇಂಚು ಕತ್ತರಿಸಿ. ಸೀಳು ಹಾಗೇ ಬಿಟ್ಟರೆ ಮೇಲಕ್ಕೆ ಹತ್ತುತ್ತದೆ.

ಬುಡದಿಂದಲೇ ಹಿಡಿ ಹಿಡಿ ಉದುರುತ್ತಿದ್ದರೆ ಮಾತ್ರ ವಿಷಯ ಬೇರೆ. ಜೋರು ಜ್ವರ ಅಥವಾ ಹೆರಿಗೆಯಾದ ಎರಡು ಮೂರು ತಿಂಗಳಿಗೆ ಹೀಗಾಗುವುದುಂಟು, ಸಾಮಾನ್ಯವಾಗಿ ತಾನೇ ಸರಿಹೋಗುತ್ತದೆ. ನಿಲ್ಲದಿದ್ದರೆ ಚರ್ಮದ ಡಾಕ್ಟರನ್ನು ಕಾಣಿ. ರಕ್ತದಲ್ಲಿ ಕಬ್ಬಿಣದ ಅಂಶ, ಥೈರಾಯ್ಡ್ ನೋಡಿಸಲು ಹೇಳಬಹುದು. ಕೂದಲಿಗೆಂದು ಬಯೋಟಿನ್ (ಒಂದು ಬಿ ವಿಟಮಿನ್) ಮಾತ್ರೆ ನುಂಗುತ್ತಿದ್ದರೆ ರಕ್ತ ಕೊಡುವ ಮುಂಚೆಯೇ ತಿಳಿಸಿ. ಅದರಿಂದ ಥೈರಾಯ್ಡ್ ರಿಪೋರ್ಟ್ ತಪ್ಪಾಗಿ ಬರಬಹುದು.