ಹಳೇ ಪೊಲೀಸ್ ರಿವಾಲ್ವರ್ ಕೊಳ್ಳಲು ಹೋಗಿ

ಅಪ್ಪ ಹಾಸನ ಜಿಲ್ಲೆಯಲ್ಲಿ ಸಬ್‌ಇನ್‌ಸ್ಪೆಕ್ಟರ್ ಆಗಿದ್ದಾಗ ಅವರ ಸೊಂಟದಲ್ಲಿದ್ದದ್ದು ವೆಬ್ಲಿ ಅಂಡ್ ಸ್ಕಾಟ್ ಕಂಪನಿಯ .38 ರಿವಾಲ್ವರ್. ಭಾನುವಾರ ಹಳೇ ಪೇಪರ್ ಹಾಸಿ, ಅದನ್ನು ನಡುವೆ ಮಡಚಿ ಎಣ್ಣೆ ಹಾಕಿ ಒರೆಸುತ್ತಿದ್ದರು. ನಾವು ಹೊಸ್ತಿಲಾಚೆಯಿಂದಲೇ ನೋಡಬೇಕು. ಆ ಎಣ್ಣೆಯ ವಾಸನೆಯೇ ನನ್ನನ್ನು ಈ ಹುಚ್ಚಿಗೆ ಹಚ್ಚಿದ್ದು.

ಈಗ ಇರುವುದು ಅಮೆರಿಕದ ಓಹಾಯೋದಲ್ಲಿ. ಎಚ್-1ಬಿ ವೀಸಾದಲ್ಲಿದ್ದಷ್ಟು ವರ್ಷ ಬಂದೂಕಿನ ಅಂಗಡಿ ಕಡೆ ತಲೆ ಹಾಕಲಿಲ್ಲ. ಕೆಲವೇ ವಿನಾಯಿತಿ ಬಿಟ್ಟರೆ ಆ ವೀಸಾದವರು ಬಂದೂಕು ಇಟ್ಟುಕೊಳ್ಳುವಂತಿಲ್ಲ. ಗ್ರೀನ್ ಕಾರ್ಡ್ ಬಂದ ಮೇಲೆ ಸಂಗ್ರಾಹಕರ ಲೈಸೆನ್ಸ್ ಮಾಡಿಸಿದೆ. ಮೂರು ವರ್ಷಕ್ಕೆ 30 ಡಾಲರ್. 50 ವರ್ಷ ದಾಟಿದ ಬಂದೂಕುಗಳಿಗೆ ಅದು ಸಾಕು.

ಮೊದಲ ಸಲವೇ ಟೋಪಿ ಬಿತ್ತು. ಬಂದೂಕು ಸಂತೆಯೊಂದರಲ್ಲಿ ಮೇಜಿನ ಮೇಲೆ ಕನ್ನಡಿಯಂತೆ ಹೊಳೆಯುತ್ತಿದ್ದ ಸ್ಮಿತ್ ಅಂಡ್ ವೆಸ್ಸನ್ ಕಂಪನಿಯ ರಿವಾಲ್ವರ್. "ರಿಟೈರ್ಡ್ ಪೊಲೀಸ್ ಒಬ್ಬರದ್ದು, ಹೆಚ್ಚು ಹಾರಿಸಿಲ್ಲ" ಎಂದ ಮಾರುವವ. ಸೀರಿಯಲ್ ನಂಬರ್ ಮುಂದೆ ವಿ ಅಕ್ಷರ, ಅಂದರೆ ಎರಡನೇ ಮಹಾಯುದ್ಧದ ಕಾಲದ ವಿಕ್ಟರಿ ಮಾಡೆಲ್. ಬ್ರಿಟನ್ ಮತ್ತು ಕಾಮನ್‌ವೆಲ್ತ್ ಸೇನೆಗಳಿಗೆ ಹೋದ ವಿಕ್ಟರಿಗಳು ಹಾರಿಸುತ್ತಿದ್ದದ್ದು .38/200 ಗುಂಡು, ಅಪ್ಪನ ವೆಬ್ಲಿ ಹಾರಿಸುತ್ತಿದ್ದದ್ದೂ ಅದೇ. ಇಷ್ಟು ನೆನಪಾಗಿದ್ದೇ ತಡ, ಜೇಬಿಗೆ ಕೈ ಹೋಯಿತು.

ರಾತ್ರಿ ಫೋನಿನಲ್ಲಿ ಅಪ್ಪ ಕೇಳಿದ್ದು ಒಂದೇ ಮಾತು: "ಹಿಡಿ ಕೆಳಗೆ ಹಗ್ಗ ಕಟ್ಟೋ ಉಂಗುರ ಇದೆಯೇನೋ?"

ಉಂಗುರ ಇರಲಿಲ್ಲ. ಅದು ಇದ್ದ ತೂತನ್ನು ಮುಚ್ಚಿ ಉಜ್ಜಿದ್ದರು. ಅಲ್ಲಿಂದ ಒಂದೊಂದೇ ಬಯಲಾಯಿತು. ಯುದ್ಧದ ಅವಸರದಲ್ಲಿ ಮಾಡಿದ ವಿಕ್ಟರಿಗೆ ಇರಬೇಕಾದದ್ದು ಮಂಕು ಬಣ್ಣ. ಹೊಳಪು ಆಮೇಲೆ ಹಚ್ಚಿದ್ದು. 5 ಇಂಚಿನ ಬ್ಯಾರಲ್ ಕತ್ತರಿಸಿ 4 ಇಂಚು ಮಾಡಿದ್ದರು. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ಅಮೆರಿಕದಲ್ಲಿ ಸುಲಭವಾಗಿ ಸಿಗುವ .38 ಸ್ಪೆಷಲ್ ಗುಂಡು ಹಿಡಿಸಲೆಂದು, ಗುಂಡು ತುಂಬುವ ತಿರುಗು ಸಿಲಿಂಡರಿನ ಆರೂ ಗೂಡುಗಳನ್ನು ಒಳಗೆ ಕೊರೆದಿದ್ದರು. ಹಳೇ ಗುಂಡು ದಪ್ಪ, ಗಿಡ್ಡ. ಸ್ಪೆಷಲ್ ಗುಂಡು ಸಣ್ಣ, ಉದ್ದ. ಹಾಗಾಗಿ ಗೂಡಿನ ಹಿಂಭಾಗ ಸಡಿಲ. ಹಾರಿಸಿದ ಮೇಲೆ ಖಾಲಿ ಕೇಸುಗಳು, ಅಂದರೆ ಗುಂಡಿನ ಲೋಹದ ಕವಚಗಳು, ಬುಡದಲ್ಲಿ ಊದಿಕೊಂಡು ಬಂದವು. ಮೇಲೆ ಥಳುಕು, ಒಳಗೆ ಹುಳುಕು.

ಈಗ ಮಾರುವವನ ಮಾತು ಶುರುವಾಗುವ ಮೊದಲೇ ಅಪ್ಪಣೆ ಕೇಳಿ ಸಿಲಿಂಡರ್ ತೆರೆದು, ಆರು ಗೂಡೂ ಖಾಲಿ ಎಂದು ಕಣ್ಣಿಂದಲೂ ಬೆರಳಿಂದಲೂ ನೋಡುತ್ತೇನೆ. ಆಮೇಲೆ ಬಣ್ಣ. ಬಣ್ಣ ಸವೆದಿದ್ದರೆ ನನಗೆ ಖುಷಿ. ಪೊಲೀಸರ ರಿವಾಲ್ವರ್ ಹಾರಿಸಿದ್ದಕ್ಕಿಂತ ಹೊತ್ತದ್ದೇ ಜಾಸ್ತಿ, ಆದ್ದರಿಂದ ಬ್ಯಾರಲ್ ತುದಿ, ಸಿಲಿಂಡರ್ ಪಕ್ಕೆ ಹೋಲ್‌ಸ್ಟರಿಗೆ ಉಜ್ಜಿ ಬಿಳುಚಿಕೊಂಡಿರುತ್ತದೆ, ಒಳಗಿನ ಯಂತ್ರ ಗಟ್ಟಿಮುಟ್ಟಾಗಿರುತ್ತದೆ. ಮತ್ತೆ ಬಣ್ಣ ಹಚ್ಚಿದ್ದಾದರೆ ಅಂಚುಗಳು ಸೋಪಿನ ಬಿಲ್ಲೆಯಂತೆ ಸವೆದಿರುತ್ತವೆ, ಕೆತ್ತಿದ ಅಕ್ಷರಗಳು ಮಸುಕಾಗಿರುತ್ತವೆ, ಸ್ಕ್ರೂ ತೂತುಗಳ ಸುತ್ತ ಸಣ್ಣ ತಗ್ಗು. ಸ್ಮಿತ್ ರಿವಾಲ್ವರಿನ ಹ್ಯಾಮರ್ (ಗುಂಡಿನ ಬುಡಕ್ಕೆ ಬಡಿಯುವ ಸುತ್ತಿಗೆ), ಟ್ರಿಗರ್‌ಗಳಲ್ಲಿ ನೀರಿನ ಮೇಲೆ ಎಣ್ಣೆ ತೇಲಿದಂಥ ಬಣ್ಣಗಳಿರುತ್ತವೆ. ಅವೂ ಕಪ್ಪಾಗಿದ್ದರೆ ಮತ್ತೆ ಬಣ್ಣ ಹಚ್ಚಿದ್ದೇ, ಅನುಮಾನ ಬೇಡ.

ಮುಂದಿನದು ಕಿವಿಯ ಕೆಲಸ. ಸಿಲಿಂಡರನ್ನು ಬೆರಳಿಂದ ಹಗುರವಾಗಿ ತಡೆದು ಹ್ಯಾಮರ್ ನಿಧಾನ ಎಳೆಯಬೇಕು. ಹ್ಯಾಮರ್ ಕೊನೆ ಮುಟ್ಟುವುದರೊಳಗೆ ಸಿಲಿಂಡರ್ 'ಕ್ಲಿಕ್' ಎಂದು ಕೂತುಬಿಡಬೇಕು. ಆರು ಗೂಡಿಗೆ ಆರು ಸಲ; ಐದು ಸರಿಯಿದ್ದು ಒಂದು ಕೈಕೊಡುವುದೂ ಉಂಟು. ಕೋಲ್ಟ್ ಕಂಪನಿಯ ಹಳೇ ರಿವಾಲ್ವರ್ ಆದರೆ ಇನ್ನಷ್ಟು ಎಚ್ಚರ, ಅದರ ಸಿಲಿಂಡರ್ ತಿರುಗಿಸುವ ಭಾಗ ಸವೆಯುತ್ತದೆ, ಸರಿ ಮಾಡುವ ಕೈಗಳೂ ಈಗ ವಿರಳ. ಬ್ಯಾರಲ್ ಒಳಗೆ ನೋಡಲು ಟಾರ್ಚ್ ಬೇಡ. ಹಿಂಬದಿಗೆ ಹೆಬ್ಬೆರಳ ಉಗುರು ಹಿಡಿದರೆ ಅದರ ಬೆಳಕೇ ಸಾಕು. ನಡುವೆ ಎಲ್ಲೋ ಕಪ್ಪು ಬಳೆ ಕಂಡರೆ ಬ್ಯಾರಲ್ ಉಬ್ಬಿದೆ ಎಂದರ್ಥ.

ಹೀಗೆ ನೋಡಿ ತಂದದ್ದು ಸ್ಮಿತ್ ಕಂಪನಿಯದ್ದೇ ಮಿಲಿಟರಿ ಅಂಡ್ ಪೊಲೀಸ್ ಮಾಡೆಲ್ ಒಂದು. ನಂಬರ್ ಮುಂದೆ ಸಿ ಇದ್ದದ್ದರಿಂದ 1948ರಿಂದ ಈಚಿನದು. ಚೌಕಟ್ಟಿನಲ್ಲಿ ಐದೂ ಸ್ಕ್ರೂ ಇದ್ದದ್ದರಿಂದ ಹೆಚ್ಚುಕಡಿಮೆ 1955ಕ್ಕೆ ಮುಂಚಿನದು. ಹಿಡಿಯ ಬುಡ, ಸಿಲಿಂಡರಿನ ಹಿಂಬದಿ, ಬ್ಯಾರಲಿನ ಅಡಿ ಮೂರೂ ಕಡೆ ಒಂದೇ ನಂಬರ್. ಇದನ್ನು ಮಾರಿದವನೂ ಪೊಲೀಸ್ ಕಥೆ ಹೇಳಿದ. ಸ್ಮಿತ್ ಅಂಡ್ ವೆಸ್ಸನ್ ಹಿಸ್ಟಾರಿಕಲ್ ಫೌಂಡೇಶನ್‌ಗೆ ದುಡ್ಡು ಕಟ್ಟಿ ಬರೆದರೆ, ರಿವಾಲ್ವರ್ ಕಾರ್ಖಾನೆಯಿಂದ ಯಾವಾಗ, ಯಾರಿಗೆ ಹೋಯಿತೆಂದು ಹಳೇ ಲೆಕ್ಕದಿಂದ ತೆಗೆದು ತಿಳಿಸುತ್ತಾರೆ. ನನಗೆ ಬಂದ ಪತ್ರದಲ್ಲಿ ಇದ್ದದ್ದು ಹಾರ್ಡ್‌ವೇರ್ ಸಗಟು ಅಂಗಡಿಯೊಂದರ ಹೆಸರು! ಪುಣ್ಯಕ್ಕೆ ಕಥೆಗೆಂದು ಒಂದು ಡಾಲರೂ ಹೆಚ್ಚು ಕೊಟ್ಟಿರಲಿಲ್ಲ.

ಅಪ್ಪನ ಗುಂಡು ಹಿಡಿಸುವ, ಯಾರೂ ಕೈಯಾಡಿಸದ ವಿಕ್ಟರಿಗಾಗಿ ಇನ್ನೂ ಹುಡುಕುತ್ತಿದ್ದೇನೆ. ಜೇಬಿನಲ್ಲಿ ಒಂದು ಖಾಲಿ .38 ಸ್ಪೆಷಲ್ ಕೇಸ್ ಸದಾ ಇರುತ್ತದೆ. ಅದು ಗೂಡಿನೊಳಗೆ ಪೂರ್ತಿ ಇಳಿದರೆ ಕೊರೆದಿದ್ದಾರೆ, ಅರ್ಧಕ್ಕೆ ತಡೆದು ನಿಂತರೆ ಮೂಲದ್ದು. ಹೋದ ತಿಂಗಳು ಒಂದು ಸಿಕ್ಕಿತ್ತು: 5 ಇಂಚಿನ ಬ್ಯಾರಲ್, ಮಂಕು ಬಣ್ಣ, ಉಂಗುರವೂ ಇದೆ. ಕೇಸ್ ಅರ್ಧಕ್ಕೇ ನಿಂತಾಗ ಎದೆ ಡವಗುಟ್ಟಿತು. ಆದರೆ ಸಿಲಿಂಡರಿನ ಹಿಂದಿದ್ದ ನಂಬರ್ ಹಿಡಿಯ ನಂಬರಿಗೆ ಹೊಂದಲಿಲ್ಲ, ಅಂದರೆ ಸಿಲಿಂಡರ್ ಇದರದ್ದಲ್ಲ. ಮೇಜಿನ ಮೇಲೆ ಇಟ್ಟು ಬಂದೆ.