ಒದ್ದೆ ಎಲುಬು, ಒಣಗಿದ ಎಲುಬು

ಮಂಗಳೂರಿನ ಒಂದು ಲ್ಯಾಬಿನಲ್ಲಿ ಇಲಿಯ ತೊಡೆ ಎಲುಬು ಮುರಿದು ಅದರ ಬಲ ಅಳೆಯುವುದು ನನ್ನ ಕೆಲಸ. ಎರಡು ಆಧಾರಗಳ ಮೇಲೆ ಎಲುಬನ್ನು ಅಡ್ಡ ಇಡುತ್ತೇನೆ. ನಡುವಿಗೆ ಮೇಲಿನಿಂದ ಮೆಷಿನ್ ಒತ್ತುತ್ತದೆ, ನಿಮಿಷಕ್ಕೆ 1 ಮಿಲಿಮೀಟರ್, ಅಷ್ಟು ನಿಧಾನ. ಎಷ್ಟು ಭಾರಕ್ಕೆ ಎಷ್ಟು ಬಗ್ಗಿತು ಎಂಬ ಗೆರೆ ಕಂಪ್ಯೂಟರಿನಲ್ಲಿ ಏರುತ್ತಾ ಹೋಗುತ್ತದೆ. ಔಷಧಿ ಕೊಟ್ಟ ಇಲಿಯ ಎಲುಬು ಗಟ್ಟಿಯಾಯಿತಾ, ಪೆಡಸಾಯಿತಾ ಅಂತ ಆ ಗೆರೆ ನೋಡಿ ಹೇಳಬೇಕು.

ಕೈ ಪಳಗಿದ್ದು ಕೋಳಿ ಕಾಲಿನಲ್ಲಿ. ಕಂಕನಾಡಿಯ ಅಂಗಡಿಯಿಂದ ತರುತ್ತಿದ್ದೆ. "ಸೂಪಿಗಾ ಅಕ್ಕ?" ಅಂತ ಕೇಳಿದ ಹುಡುಗ, ವಿಷಯ ತಿಳಿದ ಮೇಲೆ ಕತ್ತಿ ತಾಗದ ಹಾಗೆ ಇಡೀ ಕಾಲು ಬಿಡಿಸಿ ಕೊಡುತ್ತಿದ್ದ. ನಾನು ಸ್ಕಾಲ್ಪೆಲ್ ಹಿಡಿದು ಮಾಂಸ ಬಿಡಿಸುವುದನ್ನು ನೋಡಿ ಅಮ್ಮ, "ಬೇಯಿಸಿದ್ರೆ ತನ್ನಷ್ಟಕ್ಕೇ ಬಿಡ್ತದಲ್ಲ ಮಗಾ, ಎಂತಕ್ಕೆ ಕೆರೀತಾ ಕೂರುವುದು?" ಅಂದರು. ಬೇಯಿಸಿದರೆ ಎಲುಬಿನ ಕೊಲಾಜನ್, ಅಂದರೆ ಅದರೊಳಗಿನ ನಾರಿನಂಥ ಪ್ರೋಟೀನ್, ಜಿಲೆಟಿನ್ ಆಗಿಬಿಡುತ್ತದೆ. ಖನಿಜ ಎಲುಬಿಗೆ ಗಟ್ಟಿತನ ಕೊಡುತ್ತದೆ, ಸುಲಭಕ್ಕೆ ಮುರಿಯದ ಹಾಗೆ ಹಿಡಿದಿಡುವುದು ಕೊಲಾಜನ್. ಅದು ಹೋದರೆ ಅಳೆಯಲಿಕ್ಕೆ ಏನು ಉಳಿಯಿತು? ಕೆಡದ ಹಾಗೆ ಇಡುವ ಫಾರ್ಮಲಿನ್ ದ್ರಾವಣದಲ್ಲಿ ಇಟ್ಟರೂ ಕೊಲಾಜನ್ ಬದಲಾಗುತ್ತದೆ.

ಆಧಾರಗಳ ನಡುವಿನ ಅಂತರವನ್ನು ಪ್ರತಿ ಸಲ ಕ್ಯಾಲಿಪರ್‌ನಿಂದ ಅಳೆಯಿರಿ. ಎಲುಬಿನ ವಸ್ತು ಎಷ್ಟು ಬಿಗಿ ಎಂಬ ಲೆಕ್ಕದಲ್ಲಿ ಅದು ಮೂರನೇ ಘಾತದಲ್ಲಿ ಬರುತ್ತದೆ. 18 ಮಿಲಿಮೀಟರನ್ನು 19 ಅಂತ ಬರೆದುಕೊಂಡರೆ ಉತ್ತರ ಸುಮಾರು ಶೇಕಡ 18ರಷ್ಟು ಜಾಸ್ತಿ ಬರುತ್ತದೆ. ಎಲುಬು ಉರುಳದ ಹಾಗೆ ಮೊದಲು ಒಂದೆರಡು ನ್ಯೂಟನ್ ಒತ್ತಿ ಹಿಡಿಯಿರಿ, ಎಲ್ಲಾ ಎಲುಬಿನದ್ದೂ ಒಂದೇ ಬದಿ ಮೇಲ್ಮುಖವಾಗಿ ಇರಲಿ.

ಇದೆಲ್ಲ ಸರಿಯಾಗಿಯೇ ಮಾಡಿದ್ದೆ. ಆದರೂ ಮೊದಲ ದೊಡ್ಡ ಪರೀಕ್ಷೆಯನ್ನು ಕೆಡಿಸಿಕೊಂಡೆ.

ಬೆಳಿಗ್ಗೆ ಎಲ್ಲಾ ಎಡಗಾಲಿನ ಎಲುಬುಗಳನ್ನು ಫ್ರೀಜರಿನಿಂದ ತೆಗೆದು ಟ್ರೇಯಲ್ಲಿ ಸಾಲಾಗಿ ಜೋಡಿಸಿದೆ. ಊಟಕ್ಕೆ ಮೊದಲು ಔಷಧಿ ಕೊಡದ ಗುಂಪು, ಊಟದ ನಂತರ ಕೊಟ್ಟ ಗುಂಪು. ಎರಡನೇ ಗುಂಪಿನ ಸ್ಟಿಫ್‌ನೆಸ್, ಅಂದರೆ ಬಗ್ಗದೆ ತಡೆಯುವ ಬಿಗಿ, ಚೆನ್ನಾಗಿ ಏರಿತ್ತು. ನನಗೆ ಖುಷಿಯೋ ಖುಷಿ. ರಾತ್ರಿ ಗೆರೆಗಳನ್ನು ಒಂದರ ಪಕ್ಕ ಒಂದು ಇಟ್ಟು ನೋಡಿದಾಗ ಎದೆ ಧಸಕ್ಕೆಂದಿತು. ಬೆಳಗಿನವು ಏರಿ, ಬಾಗಿ, ಸ್ವಲ್ಪ ತಾಳಿ ಆಮೇಲೆ ಮುರಿದಿದ್ದವು. ಸಂಜೆಯವು ನೆಟ್ಟಗೆ ಏರಿ ಟಪ್ ಅಂತ ಕೆಳಗೆ ಬಿದ್ದಿದ್ದವು. ಒಣಗಿದ ಎಲುಬಿನ ಲಕ್ಷಣ ಅದೇ: ಬಿಗಿ ಜಾಸ್ತಿ, ತಾಳಿಕೆ ಕಡಿಮೆ.

ಹೊರಗೆ ಜುಲೈ ಮಳೆ, ಒಗೆದ ಬಟ್ಟೆ ಮೂರು ದಿನವಾದರೂ ಒಣಗದ ಕಾಲ. ಇಂಥ ಊರಿನಲ್ಲಿ ಎಲುಬು ಒಣಗೀತು ಅಂತ ಯಾರು ಅಂದುಕೊಳ್ಳುತ್ತಾರೆ? ಆದರೆ ಲ್ಯಾಬಿನೊಳಗೆ ದಿನವಿಡೀ ಎಸಿ. ಮರುದಿನ ಕೋಳಿ ಎಲುಬೊಂದನ್ನು ಅದೇ ಟ್ರೇಯಲ್ಲಿಟ್ಟು ಕಾದೆ. ಮೊದಲು ದಂತದ ಹಾಗೆ ಹೊಳೆಯುತ್ತಿತ್ತು. ಹೊಳಪು ತುದಿಯಿಂದ ನಡುವಿಗೆ ಮೆಲ್ಲಗೆ ಹೋಗುತ್ತಾ ಬಂದು, ಕೊನೆಗೆ ಸೀಮೆಸುಣ್ಣದ ಹಾಗೆ ಬಿಳಿಚಿಕೊಂಡಿತು. ನನ್ನ ಇಲಿ ಎಲುಬುಗಳೂ ಹೀಗೇ ಒಣಗಿದ್ದವು, ನಾನು ನೋಡಿರಲಿಲ್ಲ.

ಮುರಿದದ್ದನ್ನು ಇನ್ನೊಮ್ಮೆ ಮುರಿಯಲಿಕ್ಕೆ ಆಗುವುದಿಲ್ಲ. ಅಷ್ಟು ಪ್ರಾಣಿಗಳ ಜೀವ ಸುಮ್ನೆ ಹೋಯಿತಲ್ಲ ಎಂಬ ಸಂಕಟದಲ್ಲಿ ಎರಡು ರಾತ್ರಿ ನಿದ್ದೆ ಬರಲಿಲ್ಲ. ಪುಣ್ಯಕ್ಕೆ ಬಲಗಾಲಿನ ಎಲುಬುಗಳು ಮೈನಸ್ 20 ಡಿಗ್ರಿಯಲ್ಲಿ ಇದ್ದವು. ಮಳೆಗಾಲದಲ್ಲಿ ಕರೆಂಟ್ ಹೋಗುವುದು ಮಾಮೂಲು ಅಲ್ವಾ, ಅದಕ್ಕೆ ಒಂದು ಲೋಟ ನೀರು ಗಡ್ಡೆ ಕಟ್ಟಿಸಿ ಮೇಲೆ ನಾಣ್ಯ ಇಟ್ಟಿದ್ದೆ. ನಾಣ್ಯ ಮೇಲೆಯೇ ಇತ್ತು, ಅಂದರೆ ನಡುವೆ ಕರಗಿರಲಿಲ್ಲ.

ಈ ಸಲ ಒಂದೊಂದನ್ನೂ ಸಲೈನ್‌ನಲ್ಲಿ ನೆನೆಸಿದ ಗಾಜ್ ಬಟ್ಟೆಯಲ್ಲಿ ಸುತ್ತಿ ಮುಚ್ಚಳದ ಡಬ್ಬಿಯಲ್ಲಿಟ್ಟೆ. ಮೆಷಿನ್ ಮೇಲೆ ಇಡುವ ಕ್ಷಣಕ್ಕೆ ಬಿಚ್ಚಿ ಪಿಪೆಟ್‌ನಿಂದ ಇನ್ನೊಂದು ಹನಿ ಹಾಕಿದೆ. ಎರಡು ಗುಂಪನ್ನೂ ಕಲಸಿ ನಂಬರ್ ಹಾಕುವ ಕೆಲಸವನ್ನು ಜೂನಿಯರ್ ಹುಡುಗಿಗೆ ಬಿಟ್ಟೆ, ಯಾವುದು ಯಾವ ಗುಂಪು ಅಂತ ನನಗೇ ಗೊತ್ತಿರಲಿಲ್ಲ. ಸಂಜೆ ಅವಳು ಪಟ್ಟಿ ತೆರೆದಳು. ಎರಡು ಗುಂಪಿನ ನಡುವೆ ಹೇಳಿಕೊಳ್ಳುವಂಥ ವ್ಯತ್ಯಾಸವೇ ಇರಲಿಲ್ಲ. ಎರಡೂ ದಿನದ ಗೆರೆಗಳನ್ನು ಪ್ರಿಂಟ್ ತೆಗೆದು ನೇರ ನನ್ನ ರಿಸರ್ಚ್ ಗೈಡ್ ಹತ್ತಿರ ಹೋದೆ.